ಭಾರವಾದ ಬಿಳಿ

ತೊಳೆಯಲೆಂದು ಬಣ್ಣದ ಬಟ್ಟಲು ಎತ್ತಿದರೆ ಕೈ ಜಗ್ಗಿತು. ಅಂಗೈಯಗಲದ ಬಟ್ಟಲು, ತಳದಲ್ಲಿ ಒಂದು ಬೆರಳು ಬಿಳಿ. ಸುಣ್ಣವಾಗಿದ್ದರೆ ಇಷ್ಟು ತೂಗಬಾರದು. ನಿನ್ನೆಯ ಸುಣ್ಣದ ಬಟ್ಟಲನ್ನು ಎತ್ತಿ ನೋಡಿದೆ, ಹಗುರ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದ ಹಿರಿಯರು, ಸುಣ್ಣವೂ ಅಲ್ಲ ಎಂದು ಸೇರಿಸಿ ಹೋಗಬಾರದಿತ್ತೇ!

ಗಾರೆ ಹಸಿಯಿರುವಾಗಲೇ ಅದಕ್ಕೆ ಬಣ್ಣ ಹೀರಿಸಿ ಬಿಡಿಸುವ ಚಿತ್ರಕ್ಕೆ ಸುಣ್ಣದ ಬಿಳಿಯೇ ಆಗಬೇಕು. ವರ್ಷಗಟ್ಟಲೆ ನೀರಿನಲ್ಲಿ ಅರಳಿದ ಸುಣ್ಣವನ್ನು ಬಿಲ್ಲೆ ತಟ್ಟಿ ಒಣಗಿಸಿ, ಮತ್ತೆ ಅರೆದದ್ದು. ನಾನು ಬೆಳಿಗ್ಗೆ ಅರೆದದ್ದು ಬಾಗಿಲಿನ ಹಲಗೆಗೆಂದು ತಂದಿದ್ದ ಸೀಸದ ಬಿಳಿ. ಮರದ ಮೇಲೆ ಅದು ಸಾಧು. ಗೋಡೆಯ ಮೇಲೆ ಕೆಲವೇ ತಿಂಗಳಲ್ಲಿ ಕಪ್ಪಾಗುತ್ತದೆ. ಅಣ್ಣನ ದನಿಯಲ್ಲಿ ಅತ್ತಿಗೆಗೆ ಗದರುತ್ತ, ಅವನ ಕೆಮ್ಮಿನ ಸಮೇತ ನಟಿಸುತ್ತ, ನೋಡದೆ ಡಬ್ಬಿಗೆ ಕೈ ಹಾಕಿದ್ದೆ. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಅಟ್ಟಣಿಗೆಯ ಮೇಲೆ, ಅಣ್ಣ ಬಿಡಿಸುತ್ತಿದ್ದ ಹೊಳೆ ದಾಟುವ ಹೆಂಗಸಿನ ಮುಖ ಈಗಷ್ಟೇ ಮುಗಿದಿತ್ತು. ಅಣ್ಣನ ಕೈ ನಡುಗತೊಡಗಿ ಎರಡು ವರ್ಷ. ಈ ಓದುವ ಕೋಣೆಯ ಗೋಡೆಯಲ್ಲಿ ಎರಡು ಮುಖಗಳನ್ನು ಕಟ್ಟಡದವರು ಬೇಡವೆಂದಿದ್ದರು. ನಾಳೆ ಮೂರನೆಯದನ್ನು ನೋಡಲು ಬರುವವರಿದ್ದರು. ಇದೂ ಹೋದರೆ ಗೋಡೆ ಬೇರೆಯವರ ಪಾಲು. ಇವತ್ತು ಅದೇನೋ, ಕೈ ಒಮ್ಮೆಯೂ ಅಲುಗಿರಲಿಲ್ಲ. ಆ ಕಣ್ಣುಗಳ ಬಿಳಿಯೆಲ್ಲ ನನ್ನ ಬಟ್ಟಲಿನದು. ಅಣ್ಣನ ಮುಖಕ್ಕೆ ಮಸಿ ಬಳಿಯಲು ಶತ್ರುಗಳೇ ಬೇಕಿರಲಿಲ್ಲ, ತಂಗಿ ಸಾಕಾಗಿದ್ದಳು.

ಅತ್ತಿಗೆಗೆ ಹೇಳಿದೆ. ಅವಳು ಮೊದಲು ಏಣಿಯ ಕಡೆ ನೋಡಿದಳು. ಅಣ್ಣ ಕೆಳಗೆ ಬೆಂಚಿನ ಮೇಲೆ ಮಲಗಿದ್ದ.

"ಸುಮ್ನಿದ್ಬಿಡೇ," ಅಂದಳು ಪಿಸುದನಿಯಲ್ಲಿ. "ಕಪ್ಪಾಗೋದು ಇನ್ಯಾವಾಗ್ಲೋ ತಾನೇ? ನಾಳೆ ನೋಡೋರು ನೋಡ್ಕೊಂಡ್ ಹೋಗ್ಲಿ."

ನನಗೂ ಅದೇ ಬೇಕಿತ್ತು. ಗಾರೆ ಒಣಗುವ ತನಕ ಬಾಯಿ ಮುಚ್ಚಿಕೊಂಡಿದ್ದರೆ ಆಯಿತು, ಆಮೇಲೆ ಹೇಳಿದರೂ ಒಂದೇ, ಬಿಟ್ಟರೂ ಒಂದೇ. ಅಷ್ಟರಲ್ಲಿ ಕೆಳಗೆ ಕೆಮ್ಮು ಕೇಳಿಸಿತು. ಏಣಿಯ ಮೊದಲ ಮೆಟ್ಟಿಲು ಕಿರುಗುಟ್ಟಿತು. ಎರಡನೆಯದು. ಏಳನೆಯದಕ್ಕೆ ಅವನ ತಲೆ ಕಂಡಿತು. ಅವನು ನಮ್ಮನ್ನು ನೋಡಲಿಲ್ಲ, ನೇರ ಆ ಮುಖವನ್ನು ನೋಡಿದ. ಮಗುವಿನ ಹಾಗೆ ಖುಷಿಯಾಗಿದ್ದ.

"ಅಣ್ಣಾ, ಅದು ಸುಣ್ಣ ಅಲ್ಲ. ಸೀಸ. ನಾನೇ ಅರೆದಿದ್ದು."

ಬೈಗುಳಕ್ಕೆ ಹೆಗಲು ಕುಗ್ಗಿಸಿ ನಿಂತೆ. ಬರಲಿಲ್ಲ. ಅವನು ಬಟ್ಟಲು ಮೂಸಿದ, ಬೆರಳ ನಡುವೆ ಬಣ್ಣ ಹೊಸಕಿದ. ಆಮೇಲೆ ಅತ್ತಿಗೆಯ ಕಡೆ ಕೈ ಚಾಚಿದ.

"ಕರಣೆ ಕೊಡು."

ಹಣೆಯಿಂದ ಗಲ್ಲದವರೆಗೆ ತಾನೇ ಕೆರೆದ. ಹಸಿ ಗಾರೆ ತಪ್ಪತಪ್ಪನೆ ಹಲಗೆಯ ಮೇಲೆ ಬಿತ್ತು. ಒಂದು ತುಂಡಿನಲ್ಲಿ ಅರ್ಧ ತುಟಿ ಇತ್ತು. ಅದನ್ನು ತುಳಿಯಲಾರದೆ ಕಾಲು ಎತ್ತಿಕೊಂಡೆ. ಅತ್ತಿಗೆ ಹೊಸ ಗಾರೆ ಬಳಿದು ನಯ ಮಾಡಿದಳು. ನಾನು ಸುಣ್ಣದ ಬಿಲ್ಲೆಯನ್ನು ಮೂರು ಸಲ ಮುಟ್ಟಿ ನೋಡಿ ಅರೆದೆ.

ಎರಡನೆಯ ಸಲ ಬಿಡಿಸುವಾಗ ಅಣ್ಣನ ಕೈ ನಡುಗಿತು. ಅತ್ತಿಗೆ ಮೊಣಕೈಗೆ ಆಸರೆ ಕೊಟ್ಟಳು. ಮೂಗು ಬಂತು, ಗಲ್ಲ ತುಸು ಓರೆಯಾಗಿ ಬಂತು, ಬಲಗಣ್ಣು ಬಂತು. ಒಂದೊಂದು ಗೆರೆಗೂ ಅವನು ಉಸಿರು ಹಿಡಿಯುತ್ತಿದ್ದ, ನಾವೂ. ಕಿಟಕಿಯ ಬೆಳಕು ಗೋಡೆಯ ಮೇಲೆ ಮೊಳದಷ್ಟು ಸರಿದಿತ್ತು. ಎಡಗಣ್ಣಿನ ಬಿಳಿಗೆ ಕುಂಚ ಅದ್ದಿ ನನ್ನ ಕಡೆ ತಿರುಗಿದ.

"ಗಾರೆ ಇನ್ನೂ ಹೀರ್ತಿದೆಯಾ ನೋಡು."

ಬೆರಳ ಹಿಂಬದಿ ತಾಗಿಸಿದೆ. ತಂಪಿತ್ತು, ಒದ್ದೆ ಇರಲಿಲ್ಲ. ನೀರಿನ ಒಂದು ಹನಿ ಇಟ್ಟೆ, ಇಂಗದೆ ನಿಂತೇ ಇತ್ತು. ಹೀರುತ್ತಿದೆ ಎಂದರೆ ಅವನು ಬಳಿಯುತ್ತಾನೆ, ನಾಳೆ ಬರುವವರಿಗೆ ಎರಡು ಕಣ್ಣೂ ಕಾಣುತ್ತವೆ, ಆಮೇಲೆ ಎಂದೋ ಒಂದು ದಿನ ಗಾರೆ ಹಿಡಿದುಕೊಳ್ಳದ ಬಿಳಿ ಪುಡಿಯಾಗಿ ಉದುರುತ್ತದೆ. ಅತ್ತಿಗೆ ನನ್ನನ್ನೇ ನೋಡುತ್ತಿದ್ದಳು.

"ಇಲ್ಲಣ್ಣ. ಮುಚ್ಕೊಂಡಿದೆ."

ಅವನು ಎಡಗಣ್ಣನ್ನು ಹಾಗೇ ಬಿಟ್ಟು ಕುಂಚವನ್ನು ನೀರಿಗೆ ಹಾಕಿದ.