ಕುರ್ಚಿಯ ಮಾತು ಆಮೇಲೆ

ಬೆತ್ತದ ಕುರ್ಚಿ ಹೆಣೆಯುವ ಅಕ್ಕನ ಅಂಗಡಿಗೆ ಕೋರ್ಟಿನ ಅಮೀನ ಬಂದ. ಬೆತ್ತ ಬಗ್ಗಿಸುವ ಯಂತ್ರದ ಸುತ್ತ ಒಂದು ಸುತ್ತು ಹಾಕಿ, "ಮುಂದಿನ ವಾರ ಇದು ಜಪ್ತಿ" ಎಂದ. ಆ ಯಂತ್ರ ಹೋದರೆ ಮನೆಯ ಒಲೆಯೂ ಆರಿದಂತೆಯೇ.

ಆದದ್ದಿಷ್ಟು. ದೂರದ ನಗರದ ಹೋಟೆಲಿನವನೊಬ್ಬ ಇಲ್ಲಿಗೇ ಬಂದು, ಕೂತು ನೋಡಿ, ಇಲ್ಲೇ ದುಡ್ಡು ಕೊಟ್ಟು ಕುರ್ಚಿಗಳನ್ನು ಒಯ್ದಿದ್ದ. ಆಮೇಲೆ ಕುರ್ಚಿಯ ಕಾಲು ಮುರಿಯಿತೆಂದು ತನ್ನೂರಿನ ಕೋರ್ಟಿನಲ್ಲಿ ದಾವೆ ಹಾಕಿದ. ಸಮನ್ಸನ್ನು ಅಕ್ಕ ಇದೇ ಊರಲ್ಲಿ ಯಾವಾಗಲೋ ಬಿಟ್ಟುಬಂದಿದ್ದ ಹಳೇ ಅಂಗಡಿಯ ಬಾಗಿಲಿಗೆ ಅಂಟಿಸಿ ಹೋದರು. ಅವಳಿಗೆ ಸುಳಿವೇ ಇಲ್ಲ. ಪರಿಹಾರದ ದುಡ್ಡು ಕಟ್ಟಬೇಕೆಂಬ ತೀರ್ಪು ಬೆನ್ನ ಹಿಂದೆಯೇ ಆಗಿಹೋಯಿತು.

"ಕೋರ್ಟು ಹೇಳಿದ್ಮೇಲೆ ಮುಗೀತು ಕಣೇ. ಯಂತ್ರ ಕೊಟ್ಟು ಕೈ ತೊಳ್ಕೊಳ್ಳೋಣ" ಎಂದ ಗಂಡ.

"ಕೈ ತೊಳ್ಕೊಂಡು ಉಣ್ಣೋದೇನು? ನಾನೇ ಹೋಗ್ತೀನಿ. ಜಡ್ಜ್ ಎದುರು ಕುರ್ಚಿ ಇಟ್ಟು, ಅದರ ಮೇಲೆ ನಿಮ್ಮನ್ನ ಕುಣಿಸ್ತೀನಿ!"

ಸದ್ದು ಕೇಳಿ ಬಂದಿದ್ದ ಪಕ್ಕದ ಮನೆಯ ವಕೀಲಮ್ಮ ನಕ್ಕರು. "ಭಾವನ್ನ ಆಮೇಲೆ ಕುಣಿಸು ತಾಯಿ. ಕುರ್ಚಿ ಗಟ್ಟಿ ಅಂತ ಮೊದಲೇ ವಾದಕ್ಕಿಳಿದ್ರೆ, ಆ ಕೋರ್ಟನ್ನ ಒಪ್ಕೊಂಡ ಹಾಗಾಗುತ್ತೆ. ನಿನ್ನ ಮೊದಲನೇ ಮಾತು ಒಂದೇ: ನನ್ನ ಮೇಲೆ ಈ ಕೋರ್ಟಿಗೆ ಅಧಿಕಾರ ಇಲ್ಲ."

"ಆಗ್ಲೇ ತೀರ್ಪಾಗಿದ್ಯಲ್ಲಮ್ಮಾ?" ಗಂಡ ರಾಗ ಎಳೆದ.

"ಆಗಿರ್ಲಿ. ರದ್ದು ಮಾಡಿ ಅಂತ ಅರ್ಜಿ ಹಾಕ್ಬಹುದು. ಗಡುವು ಮೀರಬಾರದು ಅಷ್ಟೇ. ಜಪ್ತಿಗೆ ತಡೆನೂ ಕೇಳೋಣ."

ಅರ್ಜಿಯ ವಿಚಾರಣೆಯ ದಿನ, ಆ ನಗರದ ಕೋರ್ಟಿನಲ್ಲಿ ಹೋಟೆಲಿನವನ ವಕೀಲ ಚುಚ್ಚಿದ: "ಮುರುಕು ಕುರ್ಚಿ ಮಾರಿ, ಈಗ ಊರಿನ ನೆಪ ಹೇಳ್ತೀರಲ್ಲಮ್ಮಾ?"

ಅಕ್ಕನ ಮೈ ಉರಿದುಹೋಯಿತು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು ಎದ್ದುನಿಂತಳು. "ಕುರ್ಚಿ ಬಗ್ಗೆ ಕೇಳ್ಬೇಕಾ? ನಮ್ಮೂರ ಕೋರ್ಟಿಗೆ ಬನ್ನಿ, ಹೇಳ್ತೀನಿ. ಈ ಊರಲ್ಲಿ ನಾನು ಅಂಗಡಿ ಇಟ್ಟಿಲ್ಲ, ಒಂದು ಮೊಳೆನೂ ಮಾರಿಲ್ಲ. ಸಮನ್ಸು ನನ್ನ ಕೈಗೆ ಬಂದಿಲ್ಲ. ಮೊದಲು ಅದು ತೀರ್ಮಾನ ಆಗ್ಲಿ ಸ್ವಾಮಿ."

"ಮಾರಾಟ ಎಲ್ಲಾಯ್ತು?" ನ್ಯಾಯಾಧೀಶರು ಹೋಟೆಲಿನವನನ್ನು ಕೇಳಿದರು.

"ಅದು... ಅವರ ಅಂಗಡೀಲೇ..."

ಈ ಕೋರ್ಟಿಗೆ ಅಧಿಕಾರವಿಲ್ಲವೆಂದು ತೀರ್ಪು ರದ್ದಾಯಿತು. ಜಪ್ತಿಯೂ ನಿಂತಿತು.

"ನಮ್ಮೂರಲ್ಲಿ ಮತ್ತೆ ಕೇಸ್ ಹಾಕಿದ್ರೆ?" ಹೊರಗೆ ಬಂದ ಗಂಡನಿಗೆ ಅದೇ ಅಳುಕು.

"ಹಾಕ್ಲಿ ಬಿಡಿ. ಕರೆದ ದಿನವೇ ಹೋಗಿ, ಎದುರೆದುರೇ ಮಾತಾಡ್ತೀನಿ."

"ನಾನೂ ಬರ್ತೀನಿ" ಎಂದ ಅವನು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೆನ್ನ ಹಿಂದೆ ಎಲ್ಲೋ ತೀರ್ಪಾಗಿದೆ ಎಂದು ಗೊತ್ತಾದರೆ ಬಾಗಿಲು ಹಾಕಿಕೊಂಡು ಕೂರಬೇಡಿ. ಹೆದರಿ ರಾಜಿಗೆ ಸಹಿ ಹಾಕಬೇಡಿ. ಅಂದೇ ಹತ್ತಿರದ ಕಾನೂನು ನೆರವು ಕೇಂದ್ರಕ್ಕೆ ಹೋಗಿ. ನನ್ನ ಮೇಲೆ ಈ ಕೋರ್ಟಿಗೆ ಅಧಿಕಾರವಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ. ತಲೆ ಎತ್ತಿ ಕೇಳಿ, ಎಲ್ಲಕ್ಕಿಂತ ಮೊದಲು ಕೇಳಿ.