ಐದನೆಯ ಮನೆ

"ಬಾಗಿಲು ಹಾಕು."

"ಜನ ಬರ್ತಾ ಇದಾರಲ್ಲಮ್ಮ."

"ಹಾಕು ಅಂದೆ."

ಮಗಳು ಹಾಕಲಿಲ್ಲ. ಸಾವಿನ ಮನೆಯ ಬಾಗಿಲನ್ನು ಯಾರಾದರೂ ಹಾಕುತ್ತಾರೆಯೇ? ತಾಯಿ ಕಣ್ಣು ನೆಟ್ಟಿದ್ದ ಕಡೆಗೆ ತಾನೂ ನೋಡಿದಳು. ರಸ್ತೆಯಾಚೆ ಔಷಧಿ ಅಂಗಡಿಯ ಮುಂದೆ ಒಬ್ಬ ಹೆಂಗಸು ಕೈಯಲ್ಲಿದ್ದ ಚೀಟಿಯನ್ನೂ ಮನೆಯ ನಂಬರನ್ನೂ ಮತ್ತೆ ಮತ್ತೆ ನೋಡುತ್ತ ನಿಂತಿದ್ದಳು. ವಯಸ್ಸು ಐವತ್ತೈದರ ಆಸುಪಾಸು. ಅಷ್ಟು ಸೆಕೆಯಿದ್ದರೂ ಎಡಗೈಗೆ ಮಾತ್ರ ಬೂದು ಬಣ್ಣದ ಕೈಗವಸು.

ಆ ಕೈಗವಸನ್ನು ತಾಯಿ ಎಂದೂ ಕಣ್ಣಾರೆ ಕಂಡವಳಲ್ಲ. ಆದರೆ ಇಪ್ಪತ್ತಾರು ವರ್ಷದಿಂದ ಗಂಡನ ಬಾಯಲ್ಲಿ ಕೇಳಿ ಕೇಳಿ ಅದರ ಬಣ್ಣ ಕೂಡ ಗೊತ್ತಿತ್ತು. ಇವಳು ಇವತ್ತು ಎಲ್ಲರೆದುರಿಗೆ ಬಾಯಿ ಬಿಟ್ಟರೆ ಅವರ ಹೆಸರು ಮಣ್ಣುಪಾಲಾಗುತ್ತದೆ.

ಅವರು ನಡುಮನೆಯಲ್ಲಿ ಮುಚ್ಚಳ ತೆಗೆದ ಪೆಟ್ಟಿಗೆಯಲ್ಲಿ, ಮಗಳು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮಲಗಿದ್ದರು. ಗಾಡಿ ಬರುವುದು ಹನ್ನೊಂದಕ್ಕೆ. ಇನ್ನೂ ಇಪ್ಪತ್ತೈದು ನಿಮಿಷವಿತ್ತು. ಅವರ ಹಳೆಯ ಮ್ಯಾನೇಜರು ಆ ಇಪ್ಪತ್ತೈದು ನಿಮಿಷವನ್ನೂ ತಮಗೇ ಬರೆದುಕೊಟ್ಟಿದ್ದಾರೆ ಎನ್ನುವಂತೆ ಮಾತಾಡುತ್ತಿದ್ದರು.

"ನಾವೆಲ್ಲ ಅವನನ್ನ ನೊರೆರಾಯ ಅಂತಲೇ ಕರೀತಿದ್ವಿ. ಗ್ಯಾಸ್ ಒಲೆ ಮಾರಿದವನೇ ಮನೆಗೆ ಹೋಗಿ ಜೋಡಿಸಿಕೊಡ್ಬೇಕು, ಅದು ಕಂಪನಿ ರೂಲು. ಜೋಡಿಸಿದ್ಮೇಲೆ ಪೈಪಿಗೆ ಸೋಪಿನ ನೊರೆ ಹಚ್ಚಿ ನೋಡ್ಬೇಕು. ಗುಳ್ಳೆ ಎದ್ರೆ ಗ್ಯಾಸ್ ಸೋರ್ತಿದೆ ಅಂತ. ನಾವು ಒಂದ್ಸಲ ಹಚ್ಚಿದ್ರೆ ಇವನು ಮೂರು ಸಲ. ನಮ್ಮನೆಗೆ ಊಟಕ್ಕೆ ಕರೆದಿದ್ದೆ. ಕೈ ತೊಳ್ಕೊಂಡು ಬರ್ತೀನಿ ಅಂತ ಹೋದ ಆಸಾಮಿ ಅಡುಗೆಮನೇಲಿ ನನ್ನ ಒಲೆಗೆ ನೊರೆ ಹಚ್ತಾ ಕೂತಿದಾನೆ."

ಜನ ನಕ್ಕರು. ಬಾಯಿಗೆ ಕೈ ಅಡ್ಡ ಹಿಡಿದು, ಸತ್ತವನಿಗೆ ಕೇಳಿಸಬಾರದೇನೋ ಎಂಬಂತೆ ನಕ್ಕರು. ಹೆಂಡತಿ ಮಾತ್ರ ನಗಲಿಲ್ಲ. ಆ ನೊರೆಯ ಹುಚ್ಚು ಯಾವತ್ತು ಹಿಡಿಯಿತೆಂದು ಆಕೆಗೆ ಗೊತ್ತಿತ್ತು.

ಹೆಂಗಸು ರಸ್ತೆ ದಾಟತೊಡಗಿದಳು.

"ಅಮ್ಮ," ಎಂದು ಮಗಳು ಕಿವಿಯ ಹತ್ತಿರ ಬಂದಳು. "ಇವಳೇನಾ? ಮೊದಲನೇ ಭಾನುವಾರದವಳು?"

"ಏನೇನೋ ಮಾತಾಡ್ಬೇಡ."

"ನಾನೇನು ಚಿಕ್ಕ ಮಗುನಾ? ತಿಂಗಳ ಮೊದಲನೇ ಭಾನುವಾರ ಬಂತು ಅಂದ್ರೆ ಸರ್ವೀಸ್ ಇದೆ ಅಂತ ಹೊರಡೋರು. ರಿಟೈರ್ ಆಗಿ ಒಂಬತ್ತು ವರ್ಷ ಆಯ್ತು. ಯಾವ ಕಂಪನಿ ಕಳಿಸುತ್ತೆ ಸರ್ವೀಸಿಗೆ?"

"ನೀನು ಅಂದ್ಕೊಂಡಿರೋದಲ್ಲ ಕಣೆ ಅದು."

ಅದೇ ಆಗಿದ್ದರೆ ಎಷ್ಟೋ ಸಲೀಸಾಗಿತ್ತು ಎನಿಸಿತು ಆಕೆಗೆ. ಇನ್ನೊಬ್ಬಳ ಸಹವಾಸ ಮಾಡಿದ ಗಂಡನನ್ನು ನಾಲ್ಕು ಮಾತು ಬೈದು ಹಗುರಾಗಬಹುದು. ಇದಕ್ಕೆ ಯಾರನ್ನು ಬೈಯುವುದು?

*

ಇಪ್ಪತ್ತಾರು ವರ್ಷದ ಹಿಂದೆ, ಮಗಳಿಗೆ ಅವತ್ತು ಎಂಟು ತುಂಬಿತ್ತು. ಅಪ್ಪ ಬರುವ ತನಕ ಕೇಕು ಕತ್ತರಿಸುವುದಿಲ್ಲ ಎಂದು ಹುಡುಗಿ ಕುರ್ಚಿ ಬಿಟ್ಟು ಏಳದೆ ಹಟ ಹಿಡಿದು ಕೂತಿತ್ತು. ನಾಲ್ಕು ಗಂಟೆಗೆ ತಾಯಿ ಅಂಗಡಿಗೆ ಫೋನ್ ಮಾಡಿದಳು. "ಬೇಗ ಮುಗಿಸ್ಕೊಂಡು ಬರ್ಬಾರ್ದಾ? ಒಂದು ದಿನನಾದ್ರೂ?"

ಅವರು ಬೇಗ ಬಂದರು. ಐದು ಮನೆಯ ಒಲೆ ಜೋಡಿಸಿ, ಬೆವರು ಒರೆಸಿಕೊಳ್ಳುತ್ತ, ಐದೂವರೆಗೆಲ್ಲ ಬಾಗಿಲಲ್ಲಿದ್ದರು. ಕೇಕು ಕತ್ತರಿಸಿದರು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಯೆಲ್ಲ ಸುತ್ತಿದರು.

ಮೂರನೆಯ ದಿನ ಸುದ್ದಿ ಬಂತು. ದರ್ಜಿ ಅಂಗಡಿಯ ಮೇಲಿನ ಮನೆ, ಅವತ್ತಿನ ಐದನೆಯದು. ಒಲೆ ಹಚ್ಚುವಾಗ ಗ್ಯಾಸಿಗೆ ಬೆಂಕಿ ಹತ್ತಿ ಆ ಮನೆಯ ಹೆಂಗಸಿನ ಎಡಗೈ ಮೊಣಕೈವರೆಗೂ ಸುಟ್ಟಿತ್ತು. ಕಂಪನಿಯವರು ಹೋಗಿ ನೋಡಿ, ಬಳಸಿದವರದೇ ತಪ್ಪು ಎಂದು ಬರೆದು ಫೈಲು ಮುಚ್ಚಿದರು. ಪೈಪು ಮೊದಲ ದಿನದಿಂದಲೂ ಸೋರುತ್ತಿತ್ತು ಎಂದು ಹೆಂಗಸು ಆಸ್ಪತ್ರೆಯಲ್ಲಿ ಹೇಳಿದ್ದನ್ನು ಯಾರೂ ನಂಬಲಿಲ್ಲ, ಮಾರಿದ ಮನುಷ್ಯನೊಬ್ಬನನ್ನು ಬಿಟ್ಟು.

"ನಾಲ್ಕು ಮನೇದು ನೆನಪಿದೆ," ಎಂದರು ಅವರು, ಮಂಚದ ಅಂಚಿನಲ್ಲಿ ಕೂತು. "ಎರಡನೇ ಮನೆ ಅಜ್ಜಿ ಸೋಪು ಕೊಡೋಕೆ ಹಿಂದೆಮುಂದೆ ನೋಡಿದ್ಳು. ನಾಲ್ಕನೇ ಮನೇಲಿ ನೊರೆ ನನ್ನ ಅಂಗಿ ಮೇಲೆ ಚೆಲ್ತು. ಐದನೇದರಲ್ಲಿ ಹಚ್ಚಿದ್ನಾ, ಇಲ್ವಾ? ಎಷ್ಟು ತಲೆ ಕೆರ್ಕೊಂಡ್ರೂ ಬರ್ತಿಲ್ಲ ಕಣೆ. ಗಡಿಯಾರ ನೋಡಿದ್ದೊಂದು ನೆನಪಿದೆ."

ಗಡಿಯಾರ ಯಾಕೆ ನೋಡಿದಿರಿ ಎಂದು ಆಕೆ ಕೇಳಲಿಲ್ಲ. ಅವರೂ ಹೇಳಲಿಲ್ಲ. ಅವತ್ತಲ್ಲ, ಆಮೇಲಿನ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಆ ಫೋನಿನ ಮಾತೆತ್ತಲಿಲ್ಲ. ಎತ್ತಿ ಜಗಳವಾಡಿದ್ದರೆ ಆಕೆಗೆ ಎಷ್ಟೋ ಮೇಲಾಗುತ್ತಿತ್ತು.

ಊರೂರು ತಿರುಗುವ ದೊಡ್ಡ ಹುದ್ದೆ ಬಂದಾಗ ಅವರು ಬೇಡವೆಂದರು. ಮನೆಯಲ್ಲಿ ಕೊನೆಗೆ ಮಲಗುವವರು ಅವರೇ. ಒಲೆಯ ತಿರುಪು ಮುಟ್ಟಿ ನೋಡಿ, ಕಿಟಕಿ ತೆರೆದು, ಮಗಳ ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು ಬರುತ್ತಿದ್ದರು. ಬೀದಿಯ ಹೆಂಗಸರು ತಂತಮ್ಮ ಗಂಡಂದಿರಿಗೆ ಅವರನ್ನು ತೋರಿಸಿ, ನೋಡಿ ಕಲೀರಿ ಎನ್ನುತ್ತಿದ್ದರು. ಅದರಲ್ಲಿ ಪ್ರೀತಿ ಎಷ್ಟು, ಹೆದರಿಕೆ ಎಷ್ಟು ಎಂದು ಬಿಡಿಸಿ ನೋಡುವುದನ್ನು ಹೆಂಡತಿ ಯಾವಾಗಲೋ ಬಿಟ್ಟಿದ್ದಳು.

*

"ಯಾರು ಬೇಕಾಗಿತ್ತು?" ಮಗಳು ಬಾಗಿಲಿಗೆ ಅಡ್ಡ ನಿಂತಿದ್ದಳು.

"ಅವರ ಮನೆಯವರ ಹತ್ರ ಒಂದು ಮಾತು ಹೇಳ್ಬೇಕು."

"ಇನ್ನೊಂದು ದಿನ ಬನ್ನಿ. ಈಗ ಗಾಡಿ ಬರೋ ಹೊತ್ತು."

"ಅದು ಬರೋಕೆ ಮುಂಚೇನೇ ಹೇಳ್ಬೇಕಮ್ಮ."

ಮ್ಯಾನೇಜರ ಮಾತು ಅರ್ಧಕ್ಕೇ ನಿಂತಿತು. ಕೈಗವಸು ಅವರ ಕಣ್ಣಿಗೂ ಬಿದ್ದಿತ್ತು. ಆ ಫೈಲಿಗೆ ಸಹಿ ಹಾಕಿದವರು ಅವರೇ. "ಏನಮ್ಮಾ, ಹಳೇದನ್ನ ಕೆದಕೋಕೆ ಇದೇ ದಿನ ಸಿಕ್ತಾ ನಿಮಗೆ? ಅದೆಲ್ಲ ಆವತ್ತೇ ತೀರ್ಮಾನ ಆಗಿದೆ."

ಕೂತಿದ್ದವರ ಕಿವಿ ನೆಟ್ಟಗಾಯಿತು. ಯಾವುದು ಹಳೇದು, ಏನು ತೀರ್ಮಾನ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಇನ್ನು ತಡಮಾಡಿದರೆ ಕೆಟ್ಟೆ ಎಂದುಕೊಂಡು ಹೆಂಡತಿ ಎದ್ದು ಬಂದಳು. ಹೆಂಗಸಿನ ರಟ್ಟೆ ಹಿಡಿದು ಅಡುಗೆಮನೆಗೆ ಕರೆದೊಯ್ದಳು. ಮಗಳೂ ಹಿಂದೆಯೇ ನುಗ್ಗಿದಳು.

"ಕೈ ಮುಗೀತೀನಿ," ಎಂದಳು ಆಕೆ, ಬಾಗಿಲು ಮುಂದಕ್ಕೆಳೆದು. "ಬೈಯೋದಾದ್ರೆ ನನ್ನ ಬೈರಿ. ಆವತ್ತು ಫೋನ್ ಮಾಡಿ ಆತುರಪಡಿಸಿದವಳು ನಾನು. ಅವರ ಹೆಸರು ಮಾತ್ರ ಎತ್ತಬೇಡಿ."

"ಯಾವ ಫೋನು?" ಎಂದಳು ಮಗಳು. ಯಾರೂ ಅವಳತ್ತ ನೋಡಲಿಲ್ಲ.

"ಅವರು ನೊರೆ ಹಚ್ಚಿದ್ರು," ಎಂದಳು ಕೈಗವಸಿನ ಹೆಂಗಸು.

"ಏನಂದ್ರಿ?"

"ಹಚ್ಚಿದ್ರು. ನನ್ನ ಕರೆದು ತೋರಿಸಿದ್ರು, ನೋಡಮ್ಮ, ಒಂದು ಗುಳ್ಳೆನೂ ಇಲ್ಲ ಅಂತ. ಪೈಪ್ ಸೋರ್ತಿರ್ಲಿಲ್ಲ. ನಾನೇ ಹಾಲಿಟ್ಟು ಗಂಡನ ಜೊತೆ ಜಗಳಕ್ಕೆ ಮೆಟ್ಟಿಲ ಹತ್ರ ಹೋದೆ. ಹಾಲು ಉಕ್ಕಿ ಉರಿ ಆರಿಹೋಗಿತ್ತು. ತಲೆ ತುಂಬ ಸಿಟ್ಟು, ಗ್ಯಾಸ್ ವಾಸನೆ ಮೂಗಿಗೆ ಹತ್ತಲೇ ಇಲ್ಲ. ಬಂದವಳೇ ಕಡ್ಡಿ ಗೀರಿದೆ."

"ಮತ್ತೆ ಆಸ್ಪತ್ರೇಲಿ ಹಾಗ್ಯಾಕೆ ಹೇಳಿದ್ರಿ?"

"ನನ್ನ ತಪ್ಪು ಅಂದಿದ್ರೆ ನನ್ನ ಗಂಡ ನನ್ನ ಮನೆಗೆ ಸೇರಿಸ್ತಿರ್ಲಿಲ್ಲ. ಆಮೇಲೆ ಹೇಗೂ ಅವನೇ ಬಿಟ್ಟು ಹೋದ. ಇವರು ಮಾತ್ರ ಬಂದ್ರು, ತಿಂಗಳಿಗೊಂದ್ಸಲ. ಪೈಪ್ ನೋಡೋರು. ಒಂದು ಕೈಲಿ ತೆಗೆಯೋಕೆ ಆಗದ ಡಬ್ಬಿ ಮುಚ್ಚಳ ಎಲ್ಲ ಸಡಿಲ ಮಾಡಿಟ್ಟು, ಒಂದು ಲೋಟ ನೀರು ಕುಡಿದು ಹೋಗೋರು. ಈ ತಿಂಗಳು ಹೇಳ್ಬಿಡೋಣ, ಮುಂದಿನ ತಿಂಗಳು ಹೇಳ್ಬಿಡೋಣ ಅಂತ... ಹೇಳಿದ್ರೆ ಬರೋದು ನಿಲ್ಲಿಸ್ತಾರೆ ಅನ್ನೋ ಭಯ. ನಮ್ಮನೆ ಬಾಗಿಲು ತಟ್ಟೋರು ಇನ್ಯಾರೂ ಇರ್ಲಿಲ್ಲ."

ಹಗುರಾಗಬೇಕಿತ್ತು. ಎದೆಯ ಮೇಲಿನ ಕಲ್ಲು ಇಳಿದ ಹಾಗೆ ಆಗಬೇಕಿತ್ತು. ಹೆಂಡತಿಗೆ ಬಂದದ್ದು ಸಿಟ್ಟು. ತಪ್ಪೇ ಮಾಡದ ಅವರು ಇಪ್ಪತ್ತಾರು ವರ್ಷ ತಪ್ಪಿತಸ್ಥರಾಗಿ ಬದುಕಿ ಇಲ್ಲೇ ಗೋಡೆಯಾಚೆ ಸತ್ತು ಮಲಗಿದ್ದರು.

"ಒಂದು ಮಾತು," ಎಂದಳು. "ಒಂದೇ ಒಂದು ಮಾತು ಹೇಳಿದ್ರೆ ಅವರು ನಿದ್ದೆ ಮಾಡ್ತಿದ್ರಲ್ರೀ."

"ಕ್ಷಮಿಸಿ ಅಂತ ಕೇಳೋಕೆ ಬಂದೆ."

"ನನ್ನ ಯಾಕೆ ಕೇಳ್ತೀರಿ?"

ಹೊರಗೆ ಹಾರನ್ ಕೇಳಿಸಿತು. ಕುರ್ಚಿಗಳು ಸರಿದವು. ಗಾಡಿಯವರಿಬ್ಬರು ಒಳಗೆ ಬಂದು ಪೆಟ್ಟಿಗೆಯ ಮುಚ್ಚಳವನ್ನು ಎರಡೂ ತುದಿ ಹಿಡಿದು ಎತ್ತಿದರು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ಗೋಡೆಗೆ ಬಡಿಯಿತು. ಮನೆಯಾಕೆ ಆ ಕೈಗವಸಿನ ಕೈಯನ್ನೇ ಹಿಡಿದು ಹೆಂಗಸನ್ನು ಎಳೆದುಕೊಂಡು ಬರುತ್ತಿದ್ದಳು.

"ಅವರಿಗೆ ಹೇಳಿ," ಎಂದಳು.

"ಅಮ್ಮ, ಬಿಡು," ಎಂದಳು ಮಗಳು.

"ಅವರಿಗೀಗ ಏನು ಕೇಳಿಸುತ್ತೆ..." ಎಂದಳು ಹೆಂಗಸು, ಅಳುತ್ತ.

"ಹೇಳಿ."

ಮ್ಯಾನೇಜರು ಆಕೆಯ ಮುಖ ನೋಡಿ ಪಕ್ಕಕ್ಕೆ ಸರಿದರು. ಹೆಂಗಸು ಪೆಟ್ಟಿಗೆಯ ಪಕ್ಕ ಮಂಡಿಯೂರಿದಳು. ಅಂಚಿಗೆ ಕೈಯೂರಿ, ಬಗ್ಗಿ, ಅವರ ಕಿವಿಯ ಬಳಿ ತುಟಿ ತಂದಳು.

"ಆ ಕಿವಿ ಅವರಿಗೆ ಮಂದ," ಎಂದಳು ಹೆಂಡತಿ. "ಈ ಕಡೆ ಬನ್ನಿ."

ಹೆಂಗಸು ಎದ್ದಳು. ಗಾಡಿಯವರು ಮುಚ್ಚಳವನ್ನು ಗೋಡೆಗೆ ಒರಗಿಸಿ ದಾರಿ ಬಿಟ್ಟರು. ಅವಳು ಪೆಟ್ಟಿಗೆಯನ್ನು ಸುತ್ತಿಕೊಂಡು ಬಲಗಡೆಗೆ ಬಂದು ಮತ್ತೆ ಮಂಡಿಯೂರಿದಳು. ಹೆಂಡತಿ ಗಂಡನ ಕಿವಿಯ ಮೇಲೆ ಬಿದ್ದಿದ್ದ ಬಿಳಿಕೂದಲನ್ನು ಬೆರಳಿನಿಂದ ಹಿಂದಕ್ಕೆ ಸರಿಸಿ ಹಿಡಿದುಕೊಂಡಳು.