ತೂತಿಲ್ಲದ ಫೋನು

"ತೂತು ಎಲ್ಲೋ? ಎಲ್ಲಿದೆ ತೋರಿಸು!" ಅಂತ ನಮ್ಮಕ್ಕ ಡೀಲಿಯಾ ಹೊಸ ಫೋನನ್ನು ನನ್ನ ಮೂಗಿಗೆ ತಾಗಿಸಿ ಹಿಡಿದಳು.

"ಕೆಳಗಡೆ ಇದೆಯಲ್ಲ."

"ಅದು ಚಾರ್ಜು ಮಾಡೋದು. ನನ್ನೇನು ಕತ್ತೆ ಅಂದ್ಕೊಂಡ್ಯಾ? ಇಯರ್‌ಫೋನ್ ಚುಚ್ಚೋ ತೂತು ಎಲ್ಲಿ?"

"ಈಗಿನ ಫೋನಲ್ಲಿ ಅದು ಬರಲ್ವಂತೆ ಅಕ್ಕ. ಅದರ ಬದಲು ನೋಡು, ಇದನ್ನ ಕೊಟ್ಟಿದ್ದಾರೆ. ತಂತಿ ಇಲ್ಲ, ಏನಿಲ್ಲ. ಕಿವಿಯೊಳಗೆ ಇಟ್ಕೊಂಡ್ರೆ ಆಯ್ತು."

ಅವಳು ಪುಟ್ಟ ಡಬ್ಬಿ ತೆರೆದು ಒಳಗಿದ್ದ ಎರಡು ಬಿಳಿ ಗುಂಡುಗಳನ್ನು ನೋಡಿದಳು.

"ಬಗ್ಗಿದ್ರೆ ಬೀಳುತ್ತೆ. ಬಿದ್ರೆ ಕೋಳಿ ನುಂಗುತ್ತೆ."

"ನನ್ನ ಕಿವೀಲಿ ನಿಂತಿತ್ತು. ಅಂಗಡೀಲಿ ಇಟ್ಟು ನೋಡ್ದೆ."

"ನಿಂದು ದನದ ಕಿವಿ, ನಿಲ್ಲುತ್ತೆ."

"ಹಳೇ ಫೋನನ್ನ ನೀರಿನ ತೊಟ್ಟಿಗೆ ಬೀಳಿಸಿದೋಳು ನೀನು! ಹೊಸದು ತಂದುಕೊಟ್ರೆ ಥ್ಯಾಂಕ್ಸ್ ಇಲ್ಲ, ಬೈಗುಳ!"

"ಯಾರೋ ನಿನ್ನ ಕೇಳಿದ್ದು? ಈ ತೂತು ಮುಚ್ಚಿದವನ ಬಾಯಿಗೆ ಮಣ್ಣು ಬೀಳ!"

ಫೋನು ಹೋಗಿ ಬೆಣ್ಣೆಯ ತಟ್ಟೆಯಲ್ಲಿ ಬಿತ್ತು. ಬಾಗಿಲು ಧಡಾರೆಂದಿತು. ಅವಳು ಕೋಳಿಗೂಡಿನ ಕಡೆ ಹೋದಳು. ನಾನು ಬೆಣ್ಣೆ ಒರೆಸುತ್ತಾ ಕೂತೆ.

ನಮ್ಮ ಮನೆಯವರ ಮಾತೇ ಹೀಗೆ. ಅಪ್ಪನದೂ ಹೀಗೇ ಇತ್ತು, ನನ್ನದೂ ಹೀಗೇ. ಅಮ್ಮ ಸತ್ತ ಮೇಲೆ ನನ್ನನ್ನು ಎತ್ತಿ ಬೆಳೆಸಿದವಳು ಡೀಲಿಯಾ. ನಾನೂ ಮದುವೆಯಾಗಲಿಲ್ಲ, ಅವಳೂ ಆಗಲಿಲ್ಲ. ಹಸುಗಳು ನನ್ನವು, ಕೋಳಿಗಳು ಅವಳವು, ಜಗಳ ಇಬ್ಬರದೂ. ಆದರೆ ಫೋನಿನ ಒಂದು ತೂತಿಗೆ ಅವಳು ಇಷ್ಟು ಕೂಗಾಡಿದ್ದು ಯಾಕೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಬೆಳಿಗ್ಗೆ ಒಂಬತ್ತರ ವಾರ್ತೆ ಮುಗಿದ ಕೂಡಲೇ ನಮ್ಮ ಜಿಲ್ಲೆಯ ರೇಡಿಯೋದಲ್ಲಿ ಸತ್ತವರ ಹೆಸರು ಓದುತ್ತಾರೆ. ಯಾರು, ಯಾವ ಊರು, ಹೆಣ ಯಾವ ಮನೆಯಲ್ಲಿದೆ, ಮಣ್ಣು ಯಾವತ್ತು. ಆ ಹೊತ್ತಿಗೆ ಜಿಲ್ಲೆಯಲ್ಲಿ ಟ್ರ್ಯಾಕ್ಟರುಗಳು ನಿಲ್ಲುತ್ತವೆ, ಚಹಾ ಆರುತ್ತದೆ. ಕೇಳಿದ ಮೇಲೆ ಹೋಗಲೇಬೇಕು. ಹೋಗದಿದ್ದರೆ ಆ ಮನೆಯವರು ಮೊಮ್ಮಕ್ಕಳಿಗೂ ಹೇಳಿಟ್ಟು ಸಾಯುತ್ತಾರೆ. ಒಂದು ದಿನದ ಸುದ್ದಿ ತಪ್ಪಿದರೆ ಮಣ್ಣೂ ತಪ್ಪಿತು ಅಂತಲೇ ಲೆಕ್ಕ. ನಮ್ಮಲ್ಲಿ ಹೆಣವನ್ನು ಹೆಚ್ಚು ದಿನ ಇಡುವುದಿಲ್ಲ.

ಡೀಲಿಯಾ ಆ ಹೆಸರುಗಳನ್ನು ಅಡುಗೆಮನೆಯ ರೇಡಿಯೋದಲ್ಲಿ ಕೇಳುತ್ತಿರಲಿಲ್ಲ. ಫೋನಿಗೆ ಇಯರ್‌ಫೋನ್ ಚುಚ್ಚಿಕೊಂಡು ಕೋಳಿಗೂಡಿನ ಹಿಂದೆ ನಿಂತು ಕೇಳುತ್ತಿದ್ದಳು. ಆ ತಂತಿಯೇ ಫೋನಿನೊಳಗಿನ ರೇಡಿಯೋಗೆ ಆಂಟೆನಾ. ತಂತಿ ಇಲ್ಲದಿದ್ದರೆ ರೇಡಿಯೋ ಇಲ್ಲ.

ಅವಳು ಕಾಯುತ್ತಿದ್ದುದು ಒಂದೇ ಹೆಸರಿಗೆ. ಗುಡ್ಡದ ಆಚೆ ಗ್ಲೆನ್‌ಕೀಲ್‌ನ ಜಾರ್ಲತ್ ರುವಾನ್. ಹಿಂದೆ ಇಬ್ಬರಿಗೂ ಮದುವೆ ಗೊತ್ತಾಗಿತ್ತು. ಇವರಿಬ್ಬರೂ ಮದುವೆಯಾಗುತ್ತಾರೆಂದು ಚರ್ಚಿನಲ್ಲಿ ಹೆಸರು ಕೂಗಿಯೂ ಆಗಿತ್ತು. ಈಸ್ಟರಿಗೆ ಮುಂಚೆ ಅವನು ಯಾರಿಗೂ ಹೇಳದೆ ಇಂಗ್ಲೆಂಡಿನ ಹಡಗು ಹತ್ತಿದ. ಮಾರನೆಯ ವರ್ಷ ವಾಪಸು ಬಂದು, ಟೋಪಿ ಕೈಯಲ್ಲಿ ಹಿಡಿದು, ನಮ್ಮ ಗೇಟಿನ ಹತ್ತಿರ ನಿಂತ. ನಾನು ಆಗ ಗೇಟಿನ ಮೇಲೆ ಕೂತು ಆಡುತ್ತಿದ್ದೆ. ಡೀಲಿಯಾ ಅಂಗಳದಿಂದಲೇ ಕೂಗಿದಳು: "ನಿನ್ನ ಮುಖ ಇನ್ನು ನಾನು ನೋಡೋದು ನೀನು ಹೆಣವಾದ ಮೇಲೇನೇ!" ಅವನು ಟೋಪಿ ಹಾಕಿಕೊಂಡು ಹೋದ. ಅವನೂ ಬೇರೆ ಮದುವೆಯಾಗಲಿಲ್ಲವಂತೆ.

ನಮ್ಮ ಮನೆಯಲ್ಲಿ ಆಡಿದ ಮಾತು ಆಡಿದ ಹಾಗೆ. ಇದು ಒಳ್ಳೆಯ ಗುಣ ಅಂತ ನಾನು ಹೇಳುವುದಿಲ್ಲ. ಅಂದಿನಿಂದ ಅವಳು ಗ್ಲೆನ್‌ಕೀಲ್ ರಸ್ತೆಯಲ್ಲಿ ಕಾಲಿಟ್ಟಿಲ್ಲ. ಅವನನ್ನು ಒಂದು ಸಲ ನೋಡಲು ಅವಳಿಗೆ ಉಳಿದಿದ್ದು ಅವಳೇ ಉಳಿಸಿಕೊಂಡ ಆ ಒಂದು ದಾರಿ, ಅವನ ಹೆಣ ನೋಡುವುದು. ಅದನ್ನು ಎಲ್ಲಿ ತಪ್ಪಿಸಿಕೊಂಡೇನೋ ಅನ್ನುವುದು ಅವಳ ಭಯ. ಈ ಚಳಿಗಾಲದಲ್ಲಿ ಅವನಿಗೆ ಎದೆಯ ಆಪರೇಷನ್ ಆಗಿ ಬರೀ ಎಲುಬು ಚರ್ಮ ಉಳಿದಿದೆಯೆಂದು ಸುದ್ದಿ ಬಂದ ಮೇಲೆ ಅವಳು ಫೋನನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಿದ್ದಳು.

ಆಲೂಗಡ್ಡೆ ಬೇಯುವ ಹೊತ್ತಿಗೆ ಅವಳ ಸಿಟ್ಟು ಇಳಿದಿತ್ತು.

"ಅಡುಗೆಮನೇಲಿ ರೇಡಿಯೋ ಇದೆಯಲ್ಲ ಅಕ್ಕ. ಹೊಸ ಫೋನ್ ಬೇಡ ಅಂದ್ರೆ ಅದರಲ್ಲೇ ಕೇಳು."

"ನಿನ್ನ ಎದುರಿಗೆ ಕೂತ್ಕೊಂಡಾ?"

"ನನ್ನ ಎದುರಿಗೆ ಕೇಳಿದ್ರೆ ಏನು?"

ಅವಳು ಆಲೂಗಡ್ಡೆಗೆ ಫೋರ್ಕ್ ಚುಚ್ಚಿ ನೋಡಿದಳು. "ಕೋಳಿಗಳು ನನ್ನ ಮುಖ ನೋಡಲ್ಲ, ಫೆಸ್ಟಸ್."

"ಹಂಗಾದ್ರೆ ಒಂದು ಕೈರೇಡಿಯೋ ತಂದುಕೊಡ್ತೀನಿ."

"ಒಂಬತ್ತು ಗಂಟೆಗೆ ರೇಡಿಯೋ ಹಿಡ್ಕೊಂಡು ಬೇಲಿ ಹತ್ರ ನಿಂತ್ರೆ, ಯಾರು ಸಾಯ್ಲಿ ಅಂತ ಕಾಯ್ತಿದ್ದೀಯಮ್ಮಾ ಅಂತ ಊರೇ ಕೇಳುತ್ತೆ. ಫೋನಾದ್ರೆ ಮುದುಕಿ ಹಾಡು ಕೇಳ್ತಿದ್ದಾಳೆ ಅಂದ್ಕೋತಾರೆ. ತಿನ್ನು, ಆರಿಹೋಗುತ್ತೆ."

ನಾನು ತಿಂದೆ. ಮಾರನೆಯ ದಿನ ಹಾಲು ಕರೆದ ಬೂಟುಗಳಲ್ಲೇ ಪಟ್ಟಣದ ಫೋನಿನ ಅಂಗಡಿಗೆ ಹೋದೆ. ಅಂಗಡಿಯ ಕಾರ್ಮಕ್ ನನ್ನ ಬೂಟುಗಳನ್ನು ನೋಡಿ ನಕ್ಕ.

"ಏನ್ ಯಜಮಾನ್ರೇ, ಫೋನು ಹಾಲು ಕೊಡ್ತಿಲ್ವಾ?"

"ಇದರ ತೂತು ಯಾಕಯ್ಯಾ ಮುಚ್ಚಿದ್ರಿ?"

"ನಾನು ಮುಚ್ಚಿದ್ನಾ? ಕಂಪನಿಯವರು. ತೂತು ಇಲ್ಲದಿದ್ರೆ ನೀರು ಹೋಗಲ್ಲ, ಫೋನೂ ತೆಳ್ಳಗಾಗುತ್ತೆ, ಬ್ಯಾಟರಿಗೂ ಜಾಗ ಸಿಗುತ್ತೆ."

"ಬಾಗಿಲು ಕಿತ್ತು ಗೋಡೆ ಕಟ್ಟಿದ್ರೆ ನಿನ್ನ ಅಂಗಡಿಗೂ ನೀರು ನುಗ್ಗಲ್ಲ. ಕಟ್ಲಾ?"

ಹಿಂದೆ ನಿಂತಿದ್ದ ಕುರಿ ಸಾಕುವ ಒಬ್ಬ ದಢಿಯ ಬಾಯಿ ಹಾಕಿದ. "ತಂತಿ ಹೋಗಿದ್ದೇ ಒಳ್ಳೇದಾಯ್ತು ಕಣಯ್ಯಾ. ನಂದು ಟ್ರ್ಯಾಕ್ಟರಿನ ಗೇರಿಗೆ ಸಿಕ್ಕಿ ಕಿವಿಯೇ ಕಿತ್ತು ಬರೋದು."

"ಅದು ಗೇರಿನ ತಪ್ಪಲ್ಲ, ನಿನ್ನ ತಲೆ ತಪ್ಪು," ಎಂದೆ.

"ಅವ್ರು ಹೇಳೋದು ಸರಿ," ಎಂದಳು ಪಕ್ಕದಲ್ಲಿದ್ದ ಹೆಂಗಸು. ಯಾರು ಸರಿ ಅಂತ ಅವಳು ಹೇಳಲಿಲ್ಲ, ಆದರೆ ನನ್ನ ಕಡೆ ನಿಂತಳು. "ನಂದು ಒಂದು ಗುಂಡು ಬಸ್ಸಲ್ಲಿ ಹೋಯ್ತು. ಇನ್ನೊಂದರ ಚಾರ್ಜು ಮಧ್ಯಾಹ್ನಕ್ಕೇ ಹೋಗುತ್ತೆ. ತಂತಿಗೆ ಯಾವತ್ತಾದ್ರೂ ಚಾರ್ಜು ಹಾಕಿದ್ವಾ?"

"ಕಾಲ ಮುಂದೆ ಹೋಗ್ತಿದೆ ಮೇಡಂ," ಎಂದ ಕಾರ್ಮಕ್.

"ಹೋಗ್ಲಿ. ನನ್ನ ಕಿವಿ ಬಿಟ್ಟು ಹೋಗ್ಲಿ."

ಕಾರ್ಮಕ್ ಕೊನೆಗೆ ಇಲಿ ಬಾಲದಂಥ ಒಂದು ತುಂಡು ತಂತಿ ತೆಗೆದ. ಅದನ್ನು ಚಾರ್ಜಿನ ತೂತಿಗೆ ಚುಚ್ಚಿದರೆ ಹಳೆಯ ಇಯರ್‌ಫೋನ್ ನಡೆಯುತ್ತದೆಯಂತೆ. ನನಗೆ ಅವನನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು.

"ರೇಡಿಯೋ ಬರುತ್ತಾ?"

"ಇಂಟರ್‌ನೆಟ್ಟಲ್ಲಿ ಬರುತ್ತೆ. ಗಾಳಿಯಲ್ಲಿ ಬರೋ ರೇಡಿಯೋನ ಈ ಫೋನಿಂದ ತೆಗೆದುಹಾಕಿದ್ದಾರೆ."

ನಮ್ಮ ಕಣಿವೆಗೆ ಇಂಟರ್‌ನೆಟ್ಟು ಬರುವುದು ಬಿಷಪ್ಪರು ಬಂದ ಹಾಗೆ, ಯಾವಾಗಲೋ ಒಮ್ಮೆ. ತಬ್ಬಿಕೊಳ್ಳುವ ಆಸೆ ಹೋಯಿತು.

"ಸತ್ತವರ ಸುದ್ದಿಗೆ ತಾನೆ?" ಎಂದ ಅವನು. "ಈಗ ಇಂಟರ್‌ನೆಟ್ಟಲ್ಲಿ ಅದಕ್ಕೊಂದು ಜಾಗ ಇದೆ ಯಜಮಾನ್ರೇ. ವಾರಕ್ಕೊಂದು ಸಲ ಪಟ್ಟಣಕ್ಕೆ ಬಂದಾಗ ಹೆಸರು ಹೊಡೆದ್ರೆ ಸಾಕು, ಸತ್ತಿದ್ದಾರೋ ಇಲ್ವೋ ಗೊತ್ತಾಗುತ್ತೆ."

ಅದನ್ನೂ ನಾನು ಮನೆಗೆ ಬಂದು ಹೇಳಿದೆ. ಡೀಲಿಯಾ ಕೈಯಲ್ಲಿದ್ದ ಮೊಟ್ಟೆಯನ್ನು ಬುಟ್ಟಿಯಲ್ಲಿಟ್ಟಳು.

"ಒಬ್ಬ ಮನುಷ್ಯನ ಹೆಸರು ಬರೆದು, ಸತ್ತಿದ್ದಾನಾ ಅಂತ ನಾನೇ ಕೇಳೋದಾ? ಅದು ಸಾಯಿ ಅಂದಂಗೆ ಆಗುತ್ತೆ. ರೇಡಿಯೋ ತಾನಾಗೇ ಹೇಳ್ಬೇಕು. ನಾನು ಕೇಳ್ಬಾರ್ದು."

ತೂತಿರುವ ಫೋನು ತರಿಸಲು ಎರಡು ವಾರ ಬೇಕು ಅಂದಿದ್ದ ಕಾರ್ಮಕ್. ಸಾಯುವವರು ಎರಡು ವಾರ ಕಾಯುತ್ತಾರೇನೋ ಅಂತ ಬೈದು ಬಂದಿದ್ದೆ. ಹಾಗಾಗಿ ಹೆಸರು ಕೇಳುವ ಕೆಲಸವನ್ನು ನಾನೇ ಹೊತ್ತುಕೊಂಡೆ. ಒಂಬತ್ತಾದರೆ ಅವಳು ಎಂದಿನಂತೆ ಕೋಳಿಗೂಡಿಗೆ ಹೋಗುವಳು, ನಾನು ಅಡುಗೆಮನೆಯ ರೇಡಿಯೋ ಮುಂದೆ ನಿಲ್ಲುವೆ. ನಾನು ನಿಂತಿರುವುದು ಅವಳಿಗೆ ಗೊತ್ತು. ವಾಪಸು ಬಂದಾಗ ನನ್ನ ಮುಖ ನೋಡುವಳು, ನಾನು "ಚಹಾ ಕೊಡು" ಅನ್ನುವೆ. ಅಷ್ಟರಲ್ಲಿ ಅವಳಿಗೆ ಸಮಾಧಾನ.

ಒಂದು ಬೆಳಿಗ್ಗೆ ಮೊದಲ ಹೆಸರೇ ಅದು ಬಂತು. "ಜಾರ್ಲತ್ ರುವಾನ್, ಗ್ಲೆನ್‌ಕೀಲ್, ತಮ್ಮ ಮನೆಯಲ್ಲಿ, ಶಾಂತವಾಗಿ..." ನನಗೆ ಮುಂದಿನದು ಕೇಳಲು ಕಾಲು ನಿಲ್ಲಲಿಲ್ಲ. ಅಂಗಳ ದಾಟಿ ಓಡಿದೆ.

"ಅಕ್ಕ."

ಅವಳು ತಿರುಗಿ ನೋಡಿ ಕಾಳಿನ ಬೋಗುಣಿಯನ್ನು ಕೆಳಗಿಟ್ಟಳು. "ಜಾರ್ಲತ್ತಾ?"

"ಹೂಂ."

ಅವಳು ನನಗೆ ಬೆನ್ನು ಮಾಡಿ ನಿಂತಳು. ನನಗೆ ಇಂಥದ್ದೆಲ್ಲ ಬರುವುದಿಲ್ಲ. ಬೋಗುಣಿ ಎತ್ತಿಕೊಂಡು ಅವಳ ಪಕ್ಕದಲ್ಲೇ ನಿಂತು ಕೋಳಿಗಳಿಗೆ ಕಾಳು ಹಾಕಿದೆ. ಕಾಳು ಮುಗಿದ ಮೇಲೂ ಕೈ ಆಡಿಸುತ್ತಿದ್ದೆ.

ಸಂಜೆ ನಾಲ್ಕಕ್ಕೆ ಹೊರಟೆವು. ನಮ್ಮ ಕಡೆ ಹೆಣ ನೋಡಲು ಎಲ್ಲ ಮನೆಯಲ್ಲೂ ಅದೇ ಹೊತ್ತು. ಅವಳು ನೀಲಿ ಕೋಟು ಹಾಕಿದ್ದಳು.

"ಕೂದಲು ಹೆಂಗಿದೆ?" ಎಂದಳು ಗುಡ್ಡದ ತಿರುವಿನಲ್ಲಿ.

ಹೆಣಕ್ಕೇನು ಕಾಣುತ್ತೆ ಅನ್ನುವುದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. "ಚೆನ್ನಾಗಿದೆ ಅಕ್ಕ."

ಗ್ಲೆನ್‌ಕೀಲ್‌ನಲ್ಲಿ ಕಾರುಗಳ ಸಾಲು ನೋಡಿಯೇ ಮನೆ ಗೊತ್ತಾಯಿತು. ಬಾಗಿಲಿನಿಂದ ಹೊರಗಿನವರೆಗೂ ಜನ. ಸರದಿಯಲ್ಲಿ ನಿಂತೆವು. ಒಳಗೆ ಒಬ್ಬ ಮುದುಕಿ, ಅವಳ ಪಕ್ಕದಲ್ಲಿ ಮೂವರು ದೈತ್ಯರಂಥ ಗಂಡಸರು ಕೈಕುಲುಕುತ್ತಿದ್ದರು. "ನಿಮ್ಮ ದುಃಖದಲ್ಲಿ ನಾವೂ ಇದ್ದೀವಿ," ಅನ್ನುತ್ತಾ ಮುಂದೆ ಸರಿದೆವು. ಡೀಲಿಯಾಳ ಉಗುರು ನನ್ನ ತೋಳಿಗೆ ಇಳಿಯಿತು.

"ಈ ಹೆಂಗಸು ಯಾರೋ? ಈ ಮಕ್ಕಳು ಯಾರವು?"

ಅಷ್ಟರಲ್ಲಿ ಪೆಟ್ಟಿಗೆಯ ಮುಂದೆ ಬಂದಿದ್ದೆವು. ಒಳಗೆ ಮಲಗಿದ್ದವನು ಬೋಳು ತಲೆಯ, ದಪ್ಪ ಗಲ್ಲದ, ತೊಂಬತ್ತರ ಹತ್ತಿರದ ಮುದುಕ. ಅವನನ್ನು ನಾವಿಬ್ಬರೂ ಹುಟ್ಟಿದಂದಿನಿಂದ ನೋಡಿರಲಿಲ್ಲ.

ಹಿಂದಿನಿಂದ ಜನ ಒತ್ತುತ್ತಿದ್ದರು. ಡೀಲಿಯಾ ಶಿಲುಬೆಯ ಗುರುತು ಮಾಡಿ ಆ ಮುದುಕನ ತಣ್ಣನೆಯ ಕೈ ಮುಟ್ಟಿದಳು. ಬೇರೆ ದಾರಿಯಿರಲಿಲ್ಲ.

"ನಮ್ಮಪ್ಪನ್ನ ನೀವು ಹೆಂಗೆ ಬಲ್ಲಿರಿ?" ಎಂದ ದೈತ್ಯರಲ್ಲಿ ಕಿರಿಯವನು.

"ನೋಡ್ಬೇಕು ಅಂತ ಬಹಳ ವರ್ಷದಿಂದ ಕಾಯ್ತಿದ್ದೆ," ಎಂದಳು ಡೀಲಿಯಾ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವನ ಕಣ್ಣು ತುಂಬಿತು. ನಮ್ಮನ್ನು ಹಿಡಿದು ಪೆಟ್ಟಿಗೆಯ ಪಕ್ಕದಲ್ಲೇ, ಮನೆಯವರ ಸಾಲಿನಲ್ಲಿ ಕೂರಿಸಿದ. ಚಹಾ ಬಂತು, ಹ್ಯಾಮ್ ಸ್ಯಾಂಡ್‌ವಿಚ್ ಬಂತು. ಸಾವಿನ ಮನೆಯಲ್ಲಿ ತಟ್ಟೆ ಖಾಲಿ ಮಾಡದೆ ಏಳುವಂತಿಲ್ಲ.

"ಪೂರ್ತಿ ಕೇಳೋಕೆ ನಿನಗೇನು ರೋಗ ಬಂದಿತ್ತು?" ಎಂದಳು ಅವಳು, ತುಟಿ ಅಲ್ಲಾಡಿಸದೆ. "ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಎಲ್ಲಾ ಓದ್ತಾರೆ. ನಾನೇ ಕೇಳಿದ್ರೆ ಇಲ್ಲಿಗೆ ಬರ್ತಾನೇ ಇರ್ಲಿಲ್ಲ."

"ಒಂದೇ ಕಣಿವೇಲಿ ಇಬ್ಬರಿಗೆ ಒಂದೇ ಹೆಸರಿಡೋದಾ? ಇವರಿಗೆ ಬುದ್ಧಿ ಬೇಡ್ವಾ?"

"ಮೆಲ್ಲಗೆ. ತಿನ್ನು."

"ಉಪ್ಪಿಲ್ಲ."

"ತಿನ್ನೋ!"

ಪಕ್ಕದ ಅಜ್ಜಿ ನಮ್ಮಿಬ್ಬರ ಪಿಸುಮಾತನ್ನು ಪ್ರಾರ್ಥನೆಯೆಂದುಕೊಂಡು ತಲೆ ಬಗ್ಗಿಸಿದಳು.

ಆಗ ಬಾಗಿಲಿನಿಂದ ಒಬ್ಬ ಬಂದ. ಉದ್ದಕ್ಕೆ, ಕೋಟು ಗೂಟಕ್ಕೆ ನೇತುಹಾಕಿದ ಹಾಗೆ ಸಣಕಲು, ಒಂದು ಕೈಯಲ್ಲಿ ಕೋಲು, ಕಂಕುಳಲ್ಲಿ ಟೋಪಿ. "ಈ ಮೈಯಲ್ಲಿ ಯಾಕೆ ಬಂದ್ಯೋ ಮಾರಾಯ," ಅಂತ ದೈತ್ಯರು ಅವನಿಗೆ ದಾರಿ ಬಿಟ್ಟರು. ಅವನು ಮುದುಕಿಯ ಕೈ ಹಿಡಿದ, ಮಕ್ಕಳ ಕೈ ಹಿಡಿದ, ಪೆಟ್ಟಿಗೆಯ ಮುಂದೆ ತಲೆ ಬಗ್ಗಿಸಿದ. ಆಮೇಲೆ ಗೋಡೆಯುದ್ದಕ್ಕೆ ಕೂತ ನಮ್ಮ ಸಾಲಿನ ಮುಂದೆ ಒಬ್ಬೊಬ್ಬರ ಕೈ ಹಿಡಿಯುತ್ತಾ, ನೆಲ ನೋಡುತ್ತಾ ಬಂದ. ಅಜ್ಜಿ ಆಯಿತು. ತಟ್ಟೆ ನೋಡುತ್ತಾ ಕೂತಿದ್ದ ಡೀಲಿಯಾಳ ಕೈ ಹಿಡಿದು, "ನಿಮ್ಮ ದುಃಖದಲ್ಲಿ ನಾನೂ ಇದ್ದೀನಮ್ಮಾ," ಎಂದ.

ದನಿ ಕೇಳಿದ್ದೇ ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

ಅವನು ತಲೆಯೆತ್ತಿ ನೋಡಿದ. ನಾನೂ ನೋಡಿದೆ. ನಮ್ಮ ಗೇಟಿನ ಹತ್ತಿರ ನಿಂತಿದ್ದ ಅದೇ ಮುಖ, ಅಷ್ಟೂ ವರ್ಷಗಳು ಅದರ ಮೇಲೆ ಕೂತಿದ್ದವು. ಅವನು ಕೈ ಬಿಡಲಿಲ್ಲ.

"ನೀನು ಸತ್ತಿಲ್ಲ," ಎಂದಳು ಡೀಲಿಯಾ, ಕಣ್ಣು ಬಿಡದೆ.

"ಇಲ್ಲ. ಇನ್ನೂ ಇಲ್ಲ."

"ಹಂಗಾದ್ರೆ ನಾನು ನೋಡೋ ಹಾಗಿಲ್ಲ."

"ನೋಡ್ಬೇಡ ಡೀಲಿಯಾ. ನನ್ನ ಮುಖದಲ್ಲಿ ಈಗ ನೋಡೋಂಥದ್ದು ಏನೂ ಇಲ್ಲ." ಅವನಿಗೆ ಉಸಿರು ಸಾಲುತ್ತಿರಲಿಲ್ಲ. "ಕೈ ಬಿಡಬೇಡ, ಅಷ್ಟೇ."

"ಕೈ ಬಗ್ಗೆ ನಾನೇನೂ ಹೇಳಿರ್ಲಿಲ್ಲ."

"ಇಲ್ಲ. ಮುಖ ಅಂತ ಮಾತ್ರ ನೀನು ಹೇಳಿದ್ದೆ."

ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಅಳುತ್ತಾಳೋ ನಗುತ್ತಾಳೋ ನನಗೆ ತಿಳಿಯಲಿಲ್ಲ. "ಎಷ್ಟು ಸಣ್ಣಗಾಗಿದೆಯೋ ಕೈ," ಎಂದಳು.

"ಇಲ್ಲಿ ಸೆಖೆ. ಹೊರಗೆ ಗಾಳಿಗೆ ಹೋಗೋಣ್ವಾ? ಬಾಗಿಲಲ್ಲಿ ಒಂದು ಮೆಟ್ಟಿಲಿದೆ, ಹೇಳ್ತೀನಿ."

ಅವಳು ಎದ್ದಳು. ಅರ್ಧ ತಿಂದ ತಟ್ಟೆಯನ್ನು, ನೋಡದೆಯೇ, ನನ್ನ ತೊಡೆಯ ಮೇಲಿಟ್ಟಳು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನಮ್ಮಕ್ಕನನ್ನು ಹಿಡಿದು ಅವನು ಜನರ ನಡುವೆ ನಡೆದ. ಕಣ್ಣು ಮುಚ್ಚಿಕೊಂಡೇ ಅವಳು ಅವನ ಹಿಂದೆ ಹೋದಳು. ದುಃಖ ತಡೆಯಲಾರದವಳೆಂದು ಜನ ಗೌರವದಿಂದ ದಾರಿ ಬಿಟ್ಟರು. "ಮೆಟ್ಟಿಲು," ಅಂದದ್ದು ಕೇಳಿಸಿತು. ಆಮೇಲೆ ಕಾಣಲಿಲ್ಲ.

ಜಪಸರದ ಪ್ರಾರ್ಥನೆ ಶುರುವಾಯಿತು. ನಾನು ಎರಡು ತಟ್ಟೆ ಹಿಡಿದು, ಒಂದೊಂದು ಪ್ರಾರ್ಥನೆಗೂ ಎಲ್ಲರ ಜೊತೆ ಉತ್ತರ ಹೇಳಿದೆ.

"ನಿಮ್ಮ ಅಕ್ಕ ಎಲ್ಲಿ?" ಎಂದಳು ಅಜ್ಜಿ.

"ಗಾಳಿಗೆ ಹೋದ್ಲು."

ಪ್ರಾರ್ಥನೆ ಮುಗಿದ ಮೇಲೆ ಅಂಗಳಕ್ಕೆ ಬಂದೆ. ಸಿಗರೇಟು ಸೇದುತ್ತಿದ್ದ ಗಂಡಸರು, ಇಬ್ಬರೂ ಅವನ ಮನೆ ಕಡೆ ಹೋದರೆಂದು, ಗುಡ್ಡದ ರಸ್ತೆಯನ್ನು ಗಲ್ಲದಿಂದಲೇ ತೋರಿಸಿದರು. ರಸ್ತೆ ಖಾಲಿಯಿತ್ತು. ಕಾರಿನಲ್ಲಿ ಕೂತು ಕಾದೆ. ಬಂದವರೆಲ್ಲ ಹೊರಟರು, ದೈತ್ಯನೊಬ್ಬ ಬಂದು ಮತ್ತೆರಡು ಸ್ಯಾಂಡ್‌ವಿಚ್ ಕೊಟ್ಟು ಹೋದ. ಡೀಲಿಯಾ ಬರಲಿಲ್ಲ. ಹಾಲು ಕರೆಯುವ ಹೊತ್ತು ಮೀರಿ ಹಸುಗಳು ಕೂಗುತ್ತಿರುತ್ತವೆಂದು ನಾನೊಬ್ಬನೇ ಗಾಡಿ ತಿರುಗಿಸಿದೆ.